ಅಮೆರಿಕದ ಪಶ್ಚಿಮ ಗಡಿನಾಡಿನ ವೇಶ್ಯಾಸ್ತ್ರೀಯರು ಮತ್ತು ಸಭೆಯ ಸಾಕ್ಷ್ಯ

1874ರ ಆಗಸ್ಟ್ ತಿಂಗಳಿನಲ್ಲಿ ಹಾಂಗ್‌ಕಾಂಗಿನಿಂದ ಹೊರಟ ‘ಜಪಾನ್’ ಎಂಬ ಉಗಿಹಡಗು ಸ್ಯಾನ್ ಫ್ರಾನ್ಸಿಸ್ಕೊ ಬಂದರನ್ನು ಸೇರಿತು. ಕ್ಯಾಲಿಫೋರ್ನಿಯ ರಾಜ್ಯದ ವಲಸೆ ಅಧಿಕಾರಿಯು ಹಡಗನ್ನು ಹತ್ತಿ, ಅದರಲ್ಲಿದ್ದ ಚೀನೀ ಸ್ತ್ರೀಯರಿಗೆ ಕೆಲವು ಪ್ರಶ್ನೆಗಳನ್ನು ಹಾಕಿ, ಅವರಲ್ಲಿ 22 ಮಂದಿಯನ್ನು ದುರ್ನಡತೆಯವರೆಂದು ಗುರುತಿಸಿದನು. ಒಬ್ಬೊಬ್ಬಳ ಪರವಾಗಿಯೂ ಚಿನ್ನದ ರೂಪದಲ್ಲಿ 500 ಡಾಲರುಗಳಿಗೆ ಮುಚ್ಚಳಿಕೆ ಬರೆದುಕೊಡದ ಹೊರತು ಅವರನ್ನು ದಡಕ್ಕೆ ಇಳಿಸಕೂಡದೆಂದು ಆಜ್ಞೆಯಾಯಿತು. ಹಡಗಿನವರು ಇದಕ್ಕೆ ಒಪ್ಪದಿದ್ದುದರಿಂದ ವಿಷಯವು ನ್ಯಾಯಾಲಯಕ್ಕೆ ಹೋಯಿತು. ತಮಗೆ ಮದುವೆಯಾಗಿದೆ, ತಾವು ಗಂಡಂದಿರನ್ನು ಸೇರಲು ಬಂದಿದ್ದೇವೆ ಎಂದು ಆ ಸ್ತ್ರೀಯರಲ್ಲಿ ಅನೇಕರು ಹೇಳಿದರು. ಇದನ್ನು ನಂಬಬೇಕೋ ಬೇಡವೋ ಎಂಬುದನ್ನು ನಿರ್ಣಯಿಸಲು ನ್ಯಾಯಾಲಯವು ಚೀನೀಯರನ್ನು ಬಲ್ಲವರ ಸಾಕ್ಷ್ಯವನ್ನು ಕೇಳಿತು. ಹಾಗೆ ಸಾಕ್ಷಿ ಹೇಳಿದವರಲ್ಲಿ ಮೆಥೊಡಿಸ್ಟ್ ಮಿಷನರಿ ಓಟಿಸ್ ಗಿಬ್ಸನ್ ಒಬ್ಬರು. ಹೊರಗಿನ ಕಪ್ಪು ಅಂಗಿಯ ಒಳಗೆ ಬಣ್ಣದ ಹೂಬಟ್ಟೆ, ಅಗಲವಾದ ತೋಳು, ಇವು ಸಾಮಾನ್ಯವಾಗಿ ವೇಶ್ಯೆಯರ ಉಡುಪಿನ ಲಕ್ಷಣಗಳೆಂಬುದು ಅವರ ಅಭಿಪ್ರಾಯವಾಗಿತ್ತು. ಹೀಗೆ ತೆರೆದ ನ್ಯಾಯಾಲಯದಲ್ಲಿ ಆ ಹೆಣ್ಣುಮಕ್ಕಳ ತೋಳುಗಳ ಪರೀಕ್ಷೆ ನಡೆಯಿತು.

ಗಿಬ್ಸನ್ನರು ದುಷ್ಟರಾಗಿರಲಿಲ್ಲ ಎಂಬುದನ್ನು ಮೊದಲೇ ಹೇಳಬೇಕು. ಅವರು ಚೀನಾದ ಫೂಚೌ ನಗರದಲ್ಲಿ ಸುಮಾರು ಹತ್ತು ವರ್ಷ ಸೇವೆಮಾಡಿ ಬಂದವರು. ಚೀನೀಯರ ಮೇಲೆ ಬಿಳಿಯರ ದ್ವೇಷವು ಉರಿಯುತ್ತಿದ್ದ ದಿನಗಳಲ್ಲಿ ಬಹಿರಂಗವಾಗಿ ಅವರ ಪಕ್ಷ ಹಿಡಿದ ಕೆಲವೇ ಬೋಧಕರಲ್ಲಿ ಒಬ್ಬರು. 1877ರಲ್ಲಿ ಆ ಜನರ ಪರವಾಗಿ ಒಂದು ಗ್ರಂಥವನ್ನೇ ಬರೆದರು. ವೇಶ್ಯಾಗೃಹಗಳಿಂದ ಓಡಿಬಂದ ಸ್ತ್ರೀಯರಿಗೆ ತಮ್ಮ ಮಿಷನ್ ಕಟ್ಟಡದಲ್ಲಿ ಆಶ್ರಯ ಕೊಟ್ಟವರೂ ಅವರೇ. ಆದುದರಿಂದಲೇ ಅವರ ಸಾಕ್ಷ್ಯವು ನಮ್ಮನ್ನು ಕಾಡಬೇಕು. ಕರುಣೆಯುಳ್ಳ ಸಭಾಸೇವಕರೊಬ್ಬರು ಒಬ್ಬ ಸ್ತ್ರೀಯನ್ನು ನೋಡುವಾಗ ಮೊದಲು ಕಂಡದ್ದು ಬಟ್ಟೆ. ಆದಿಕಾಂಡ 38ರಲ್ಲಿ ಯೂದನು ತಾಮಾರಳ ಮುಸುಕನ್ನು ನೋಡಿ ಅವಳು ಯಾರೆಂದು ತೀರ್ಮಾನಿಸಿದುದು ಇಲ್ಲಿ ನೆನಪಾಗದೆ ಇರದು. ಆ ಕಥೆಯಲ್ಲಿ ಕೊನೆಗೆ ಸತ್ಯವನ್ನು ಹೊರಗೆಡಹುವುದು ಮುಸುಕಲ್ಲ, ಯೂದನು ಕೊಟ್ಟಿದ್ದ ಒತ್ತೆ. ಅಮೆರಿಕದ ಪಶ್ಚಿಮ ಗಡಿನಾಡಿನ ಈ ಸ್ತ್ರೀಯರ ಇತಿಹಾಸವನ್ನೂ ಉಡುಪಿನಿಂದಲ್ಲ, ಒತ್ತೆಯಿಂದ, ಅಂದರೆ ಅವರು ಯಾರಿಗೆ ಎಷ್ಟು ಸಾಲಗಾರರಾಗಿದ್ದರು ಎಂಬುದರಿಂದ ಓದಬೇಕೆಂಬುದು ಈ ಲೇಖನದ ವಾದ.

ಆ 22 ಮಂದಿಯ ಪಾಡೇನಾಯಿತು? ರಾಜ್ಯದ ಉಚ್ಚ ನ್ಯಾಯಪೀಠವು ಅಧಿಕಾರಿಯನ್ನೇ ಎತ್ತಿಹಿಡಿಯಿತು. ಆದರೆ ಸಂಯುಕ್ತ ಸಂಸ್ಥಾನಗಳ ನ್ಯಾಯಮೂರ್ತಿ ಸ್ಟೀಫನ್ ಫೀಲ್ಡ್ ಅವರ ಬಿಡುಗಡೆಗೆ ಆಜ್ಞೆಮಾಡಿದರು. 1876ರಲ್ಲಿ ರಾಷ್ಟ್ರದ ಸರ್ವೋಚ್ಚ ನ್ಯಾಯಾಲಯವು ಕ್ಯಾಲಿಫೋರ್ನಿಯದ ಆ ಶಾಸನವನ್ನೇ ರದ್ದುಗೊಳಿಸಿತು. ಒಬ್ಬ ಅಧಿಕಾರಿಯ ಕಣ್ಣಳತೆಗೆ ಇಷ್ಟೊಂದು ಅಧಿಕಾರ ಕೊಟ್ಟರೆ ಅದು ಸುಲಿಗೆಗೆ ದಾರಿಯೆಂಬುದನ್ನು ನ್ಯಾಯಾಧೀಶರು ಕಂಡರು. ಮಿಷನರಿಯು ಕಾಣದೆ ಹೋದುದನ್ನು ನ್ಯಾಯಾಧೀಶರು ಕಂಡರೆಂಬುದು ಸಭೆಯ ಇತಿಹಾಸದಲ್ಲಿ ಅಪರೂಪವೇನೂ ಅಲ್ಲ.

ಇಲ್ಲಿ ‘ಗಡಿನಾಡು’ ಎಂಬ ಪದವನ್ನು ಫ್ರಾಂಟಿಯರ್ ಎಂಬುದಕ್ಕೆ ಸಮಾನವಾಗಿ ಬಳಸಿದ್ದೇನೆ. ಅದು ಎರಡು ರಾಜ್ಯಗಳ ನಡುವಣ ಎಲ್ಲೆಯಲ್ಲ. ಬಿಳಿಯರ ನೆಲಸುವಿಕೆಯು ಪಶ್ಚಿಮಕ್ಕೆ ಚಾಚುತ್ತಾ, ಮೂಲನಿವಾಸಿಗಳ ನೆಲವನ್ನು ಕಬಳಿಸುತ್ತಾ ಹೋದ ಚಲಿಸುವ ಅಂಚು. 1848ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಚಿನ್ನ ದೊರೆತ ಮೇಲೆ ಈ ಅಂಚು ಒಮ್ಮೆಗೇ ಸಾವಿರಾರು ಮೈಲಿ ಜಿಗಿಯಿತು. 1850ರ ಜನಗಣತಿಯಲ್ಲಿ ಅಲ್ಲಿ ಎಣಿಸಲ್ಪಟ್ಟವರಲ್ಲಿ ಸ್ತ್ರೀಯರು ನೂರಕ್ಕೆ ಎಂಟಕ್ಕಿಂತಲೂ ಕಡಮೆ. ಚಿಲಿ, ಮೆಕ್ಸಿಕೊ, ಫ್ರಾನ್ಸ್, ಐರ್ಲೆಂಡ್, ಚೀನಾಗಳಿಂದಲೂ ಪೂರ್ವದ ನಗರಗಳಿಂದಲೂ ಸ್ತ್ರೀಯರು ಬಂದರು, ಇಲ್ಲವೆ ತರಲ್ಪಟ್ಟರು. ಅದೇ 1850ರಲ್ಲಿ ಕ್ಯಾಲಿಫೋರ್ನಿಯ ಮಾಡಿದ ಶಾಸನವೊಂದು, ಹೆಸರಿಗೆ ಮೂಲನಿವಾಸಿಗಳ ‘ರಕ್ಷಣೆ’ಗಾಗಿ, ವಾಸ್ತವದಲ್ಲಿ ಅವರನ್ನೂ ಅವರ ಮಕ್ಕಳನ್ನೂ ಬಿಳಿಯರ ಕೆಳಗೆ ಜೀತಕ್ಕೆ ಇರಿಸಲು ಎಡೆಮಾಡಿತು, ಅಪಹರಿಸಲ್ಪಟ್ಟ ಮೂಲನಿವಾಸಿ ಹೆಣ್ಣುಮಕ್ಕಳ ದುಃಖವು ಈ ಇತಿಹಾಸದ ಅತ್ಯಂತ ಕತ್ತಲೆಯ ಭಾಗ.

ಪದಗಳ ವಿಷಯವಾಗಿ ಇನ್ನೊಂದು ಮಾತು. ಹಳೆಯ ಕನ್ನಡ ಸತ್ಯವೇದವನ್ನು ಓದಿ ಬೆಳೆದ ನಮಗೆ ‘ಸೂಳೆ’ ಎಂಬ ಪದ ಕಿವಿಗೆ ಪರಿಚಿತ; ಇಂದು ‘ಲೈಂಗಿಕ ಕಾರ್ಯಕರ್ತೆ’ ಎಂಬ ಗೌರವದ ಮಾತು ಬಳಕೆಗೆ ಬಂದಿದೆ. ತನ್ನ ದುಡಿಮೆಗೆ ತಾನೇ ಕೂಲಿ ಪಡೆದವಳಿಗೆ ಈ ಮಾತು ಒಪ್ಪುತ್ತದೆ. ಕೂಲಿಯೇ ಇಲ್ಲದೆ ನಾಲ್ಕೈದು ವರ್ಷ ಮಾರಲ್ಪಟ್ಟ ಹುಡುಗಿಯನ್ನು ಕಾರ್ಯಕರ್ತೆಯೆಂದು ಕರೆಯುವುದು ಅವಳಿಗೆ ನ್ಯಾಯವಲ್ಲ. ಒಂದೇ ಪದವು ಇವರೆಲ್ಲರನ್ನೂ ಹಿಡಿದಿಡಲಾರದು.

ಗಡಿನಾಡಿನ ವೇಶ್ಯೆಯೆಂದರೆ ಸಿನಿಮಾ ನೋಡಿದವರ ಕಣ್ಣಿಗೆ ರೇಷ್ಮೆಯುಟ್ಟ, ನಗುಮುಖದ, ಉದಾರ ಹೃದಯದ ಹೆಣ್ಣು ಬರುತ್ತಾಳೆ. ಈ ಕಲ್ಪನೆ ಹೇಗೆ ಹುಟ್ಟಿತೆಂಬುದಕ್ಕೆ ಜೂಲಿಯಾ ಬ್ಯುಲೆಟ್ ಎಂಬವಳ ಕಥೆ ಒಳ್ಳೆಯ ನಿದರ್ಶನ. ನೆವಾಡದ ಬೆಳ್ಳಿಗಣಿಗಳ ಪಟ್ಟಣವಾದ ವರ್ಜೀನಿಯಾ ಸಿಟಿಯಲ್ಲಿ ಅವಳಿದ್ದಳು. ಬೆಂಕಿ ಆರಿಸುವ ಸ್ವಯಂಸೇವಕರ ದಳವು ಅವಳನ್ನು ಗೌರವ ಸದಸ್ಯಳನ್ನಾಗಿ ಮಾಡಿಕೊಂಡಿತ್ತು. 1867ರ ಜನವರಿಯಲ್ಲಿ ಅವಳನ್ನು ಅವಳ ಮನೆಯಲ್ಲೇ ಕೊಂದು ಒಡವೆ ವಸ್ತ್ರಗಳನ್ನು ದೋಚಲಾಯಿತು. ಬೆಂಕಿ ದಳದವರು ಮೆರವಣಿಗೆಯಲ್ಲಿ ಅವಳ ಶವವನ್ನು ಕೊಂಡೊಯ್ದರು. ಆದರೆ ಹೂಳಿದ್ದು ಪಟ್ಟಣದ ಗಣ್ಯರ ಸಮಾಧಿಗಳಿಂದ ದೂರವಿದ್ದ ನೆಲದಲ್ಲಿ. ಕೊಲೆಯ ಅಪರಾಧಿಯೆಂದು ಜಾನ್ ಮಿಲೇನ್ ಎಂಬವನನ್ನು 1868ರ ಏಪ್ರಿಲ್ 24ರಂದು ಗಲ್ಲಿಗೇರಿಸಿದಾಗ ಬೃಹತ್ ಜನಸಂದಣಿ ನೆರೆದಿತ್ತು. ಅದರಲ್ಲಿ ಮಾರ್ಕ್ ಟ್ವೇನ್ ಕೂಡ ಇದ್ದನು. ಮುಂದಿನ ಪೀಳಿಗೆಗಳು ಅವಳನ್ನು ವಜ್ರಗಳ ರಾಣಿಯನ್ನಾಗಿ, ಅರಮನೆಯೊಡತಿಯನ್ನಾಗಿ ಚಿತ್ರಿಸಿದವು. ದಾಖಲೆಗಳಲ್ಲಿರುವುದು ಎರಡು ಕೋಣೆಗಳ ಬಾಡಿಗೆಮನೆ, ಮತ್ತು ಸತ್ತ ಮೇಲೆ ಅವಳ ಸೊತ್ತನ್ನೆಲ್ಲ ಮಾರಿದರೂ ತೀರದ ಸಾಲ.

ಸಾಲವೆಂಬುದು ಅವಳೊಬ್ಬಳ ಪಾಲಿನದಾಗಿರಲಿಲ್ಲ. ಗೃಹದ ಯಜಮಾನಿಯು ಕೋಣೆಯ ಬಾಡಿಗೆ, ಊಟ, ಬಟ್ಟೆ, ವೈದ್ಯನ ಖರ್ಚು ಇವೆಲ್ಲವನ್ನೂ ಹುಡುಗಿಯ ಲೆಕ್ಕಕ್ಕೆ ಬರೆಯುತ್ತಿದ್ದಳು. ಲೆಕ್ಕ ತೀರದೆ ಹೊರಡುವಂತಿರಲಿಲ್ಲ. ಇದರ ಮೇಲೆ ಊರಿನ ಪಾಲು. ಕಾನ್ಸಾಸಿನ ದನದ ಸಂತೆಯ ಪಟ್ಟಣಗಳಲ್ಲಿಯೂ ಗಣಿಯ ಪಟ್ಟಣಗಳಲ್ಲಿಯೂ ವೇಶ್ಯಾವೃತ್ತಿಯನ್ನು ನಿಷೇಧಿಸುವ ಕಟ್ಟಳೆಗಳಿದ್ದವು. ಅವುಗಳ ಪ್ರಕಾರ ತಿಂಗಳಿಗೊಮ್ಮೆ ಸ್ತ್ರೀಯರಿಂದ ದಂಡ ವಸೂಲಾಗುತ್ತಿತ್ತು. ದಂಡ ಕಟ್ಟಿದ ಮೇಲೆ ಅವರು ಎಂದಿನಂತೆ ಮುಂದುವರಿಯುತ್ತಿದ್ದರು. ಹೆಸರು ದಂಡ, ಕೆಲಸ ತೆರಿಗೆಯದು. ಕಾವಲುಗಾರರ ಸಂಬಳಕ್ಕೂ ಊರಿನ ಇತರ ಖರ್ಚುಗಳಿಗೂ ಈ ಹಣ ನೆರವಾಯಿತು. ಅದೇ ಊರಿನ ಸಭೆಯ ಹಿರಿಯರು ಎಷ್ಟೋ ವೇಳೆ ಪುರಸಭೆಯ ಮೇಜಿನ ಸುತ್ತಲೂ ಕುಳಿತವರಾಗಿದ್ದರು. ಭಾನುವಾರ ಖಂಡಿಸಿದ್ದನ್ನು ಸೋಮವಾರ ಆಯವ್ಯಯದಲ್ಲಿ ಜಮಾ ಮಾಡುವ ಈ ವ್ಯವಸ್ಥೆಯ ಕುರಿತು ಪ್ರಸಂಗಪೀಠವು ಹೆಚ್ಚು ಮಾತಾಡಿದಂತಿಲ್ಲ.

ಎಲ್ಲರೂ ಬಲಿಪಶುಗಳೇ ಆಗಿದ್ದರೆಂದು ಹೇಳುವುದೂ ಸುಳ್ಳಾಗುತ್ತದೆ. ಮೊಂಟಾನದ ಹೆಲೆನಾ ಪಟ್ಟಣದ ಆಸ್ತಿಪತ್ರಗಳನ್ನು ಶೋಧಿಸಿದ ಇತಿಹಾಸಕಾರ್ತಿ ಪೌಲಾ ಪೆಟ್ರಿಕ್, ಮೊದಲ ವರ್ಷಗಳಲ್ಲಿ ಅಲ್ಲಿನ ವೇಶ್ಯಾಸ್ತ್ರೀಯರಲ್ಲಿ ಕೆಲವರು ನಿವೇಶನ ಕೊಂಡರು, ಮನೆ ಕಟ್ಟಿಸಿದರು, ಒಬ್ಬರಿಗೊಬ್ಬರು ಸಾಲ ಕೊಟ್ಟರು ಎಂಬುದನ್ನು ತೋರಿಸಿದ್ದಾರೆ. ಐರ್ಲೆಂಡಿನಲ್ಲಿ ಹುಟ್ಟಿ ‘ಶಿಕಾಗೊ ಜೋ’ ಎಂದು ಹೆಸರಾದ ಜೋಸೆಫೀನ್ 1867ರಲ್ಲಿ ಅಲ್ಲಿಗೆ ಬಂದು ದೊಡ್ಡ ಆಸ್ತಿಯ ಒಡತಿಯಾದಳು. ಆದರೆ 1893ರ ಆರ್ಥಿಕ ಕುಸಿತದಲ್ಲಿ ಬಹುಪಾಲನ್ನು ಕಳೆದುಕೊಂಡು 1899ರಲ್ಲಿ ತೀರಿಕೊಂಡಳು. ಇಂಥವರು ಕೆಲವರೇ. ಆನ್ ಬಟ್ಲರ್ ಎಂಬ ಇತಿಹಾಸಕಾರ್ತಿ ಸೆರೆಮನೆ, ಪೊಲೀಸು, ಸೈನ್ಯದ ಠಾಣೆಗಳ ಕಡತಗಳಿಂದ ಕಟ್ಟಿಕೊಟ್ಟ ಚಿತ್ರದಲ್ಲಿ ಬಡತನ, ಹೊಡೆತ, ರೋಗ, ಅಫೀಮಿನ ದ್ರಾವಣ ಕುಡಿದು ಸತ್ತವರ ಪಟ್ಟಿ ಇವೇ ತುಂಬಿವೆ.

ಸಾಲದ ಬಂಧನವು ತನ್ನ ಪೂರ್ಣ ರೂಪವನ್ನು ತಾಳಿದ್ದು ಸ್ಯಾನ್ ಫ್ರಾನ್ಸಿಸ್ಕೊದ ಚೀನೀ ಬಡಾವಣೆಯಲ್ಲಿ. ದಕ್ಷಿಣ ಚೀನಾದ ಹಳ್ಳಿಗಳಲ್ಲಿ ಕ್ಷಾಮ ಮತ್ತು ಯುದ್ಧಗಳಿಂದ ಕಂಗೆಟ್ಟ ಕುಟುಂಬಗಳು ಹೆಣ್ಣುಮಕ್ಕಳನ್ನು ಮಾರುತ್ತಿದ್ದವು. ಕೆಲವರು ಮದುವೆಯ ಆಸೆಗೆ ಮೋಸಹೋಗಿ ಹಡಗು ಹತ್ತಿದರು. ಇಳಿದ ಮೇಲೆ ಅವರ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದ ಕರಾರುಪತ್ರಗಳಲ್ಲಿ ಕೆಲವು ಇಂಗ್ಲಿಷಿಗೆ ಅನುವಾದಗೊಂಡು ಉಳಿದಿವೆ. ಪ್ರಯಾಣದ ಖರ್ಚು, ಊಟದ ಖರ್ಚುಗಳಿಗಾಗಿ ಇಂತಿಷ್ಟು ನೂರು ಡಾಲರ್ ಸಾಲ. ತೀರಿಸಲು ಬೇರೇನೂ ಇಲ್ಲದ್ದರಿಂದ ನಾಲ್ಕು ಅಥವಾ ನಾಲ್ಕೂವರೆ ವರ್ಷ ದೇಹದಿಂದ ಸೇವೆ. ಹಣಕ್ಕೆ ಬಡ್ಡಿಯಿಲ್ಲ, ಸೇವೆಗೆ ಸಂಬಳವೂ ಇಲ್ಲ. ಗೊತ್ತಾದ ದಿನಗಳಿಗಿಂತ ಹೆಚ್ಚು ಕಾಯಿಲೆ ಮಲಗಿದರೆ ಅವಧಿಗೆ ತಿಂಗಳುಗಳು ಸೇರುತ್ತವೆ. ಓಡಿಹೋದರೆ ಹುಡುಕಿಸಿದ ಖರ್ಚೂ ಅವಳದೇ. ನಮ್ಮ ನಾಡಿನಲ್ಲಿ ಇಂಥದಕ್ಕೆ ಜೀತಪತ್ರವೆಂದು ಹೆಸರು. ಇದು ನಡೆದದ್ದು ಗುಲಾಮಗಿರಿಯನ್ನು ರದ್ದುಗೊಳಿಸಲು ಯುದ್ಧವನ್ನೇ ಮಾಡಿ, 1865ರಲ್ಲಿ ಸಂವಿಧಾನವನ್ನು ತಿದ್ದಿಕೊಂಡ ದೇಶದಲ್ಲಿ. 1870ರ ಗಣತಿಯು ಆ ನಗರದ ಚೀನೀ ಸ್ತ್ರೀಯರಲ್ಲಿ ನೂರಕ್ಕೆ ಸುಮಾರು 70 ಮಂದಿಯನ್ನು ವೇಶ್ಯೆಯರೆಂದು ಬರೆದುಕೊಂಡಿತು. ಗಣತಿದಾರನೂ ಬಟ್ಟೆ ನೋಡಿ ಬರೆದವನೇ ಇರಬಹುದಾದ್ದರಿಂದ ಈ ಸಂಖ್ಯೆಯನ್ನು ಎಚ್ಚರದಿಂದ ಬಳಸಬೇಕು.

ನೆಹೆಮೀಯನ 5ನೆಯ ಅಧ್ಯಾಯವನ್ನು ಇಲ್ಲಿ ಓದಿಕೊಳ್ಳುವುದು ಉಚಿತ. ಕ್ಷಾಮಕ್ಕೂ ತೆರಿಗೆಗೂ ಸಾಲಮಾಡಿ ಹೊಲಗಳನ್ನು ಕಳೆದುಕೊಂಡ ಜನರು ತಮ್ಮ ಹೆಣ್ಣುಮಕ್ಕಳಲ್ಲಿ ಕೆಲವರು ಆಗಲೇ ದಾಸಿಯರಾಗಿದ್ದಾರೆಂದು ಅಲ್ಲಿ ಮೊರೆಯಿಡುತ್ತಾರೆ. ನೆಹೆಮೀಯನು ಆ ಹೆಣ್ಣುಮಕ್ಕಳ ನಡತೆಯನ್ನು ವಿಚಾರಿಸುವುದಿಲ್ಲ. ಸಾಲ ಕೊಟ್ಟವರನ್ನು ಕರೆಯಿಸಿ ಹೊಲ, ತೋಟ, ಬಡ್ಡಿಗಳನ್ನು ಹಿಂದಿರುಗಿಸಬೇಕೆಂದು ಪ್ರಮಾಣ ಮಾಡಿಸುತ್ತಾನೆ. ವಿಮೋಚನೆ, ಈಡು, ಬಿಡುಗಡೆ ಎಂದು ನಾವು ಕ್ರಿಸ್ತನ ಕಾರ್ಯಕ್ಕೆ ಬಳಸುವ ಮಾತುಗಳೆಲ್ಲ ಇಂಥ ಸಾಲದ ಲೋಕದಿಂದಲೇ ಬಂದವು. ಅವು ಆತ್ಮಕ್ಕೆ ಮಾತ್ರ ಸಂಬಂಧಿಸಿದವೆಂದು ತಿಳಿದಾಗ ಅವುಗಳ ಅರ್ಧ ಭಾರ ಕಳೆದುಹೋಗುತ್ತದೆ. ಇದಕ್ಕೆ ಪ್ರತಿಯಾಗಿ, ಪಶ್ಚಿಮದ ಸಭೆಗಳು ಈ ಸ್ತ್ರೀಯರಿಗೆ ತೆರೆದ ಮನೆಗಳಿಗೆ ಮಗ್ದಲದ ಮರಿಯಳ ಹೆಸರನ್ನಿಡುವ ವಾಡಿಕೆಯಿತ್ತು. 1856ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರುಣಾ ಸೋದರಿಯರು ಅಂಥದೊಂದನ್ನು ಸ್ಥಾಪಿಸಿದರು. ಆ ಸೋದರಿಯರ ದುಡಿಮೆ ದೊಡ್ಡದು. ಹೆಸರು ಮಾತ್ರ ತಪ್ಪು. ಸುವಾರ್ತೆಗಳಲ್ಲಿ ಮರಿಯಳು ವೇಶ್ಯೆಯೆಂದು ಎಲ್ಲಿಯೂ ಇಲ್ಲ. ಲೂಕ 7ರ ಹೆಸರಿಲ್ಲದ ಸ್ತ್ರೀಯೊಂದಿಗೆ ಅವಳನ್ನು ಒಂದುಗೂಡಿಸಿ ಪಶ್ಚಿಮದ ಸಭೆಯಲ್ಲಿ ಆ ಎಣಿಕೆಯನ್ನು ನೆಲೆಗೊಳಿಸಿದುದು ಆರನೆಯ ಶತಮಾನದ ಕೊನೆಯಲ್ಲಿ ಪೋಪ್ ಮಹಾ ಗ್ರೆಗೊರಿಯು ಮಾಡಿದ ಪ್ರಸಂಗ.

1875ರ ಮಾರ್ಚ್ 3ರಂದು ಅಂಗೀಕಾರವಾದ ಪೇಜ್ ಕಾಯಿದೆಯು ಮೇಲ್ನೋಟಕ್ಕೆ ನೆಹೆಮೀಯನ ಮಾತಿನಂತೆಯೇ ಇದೆ. ಪೂರ್ವದೇಶಗಳಿಂದ ಸ್ತ್ರೀಯರನ್ನು ವೇಶ್ಯಾವೃತ್ತಿಗೆಂದು ತರುವುದು ಅಪರಾಧ. ಅಂಥ ಕರಾರುಗಳು ಅನೂರ್ಜಿತ. ತಂದವನಿಗೆ ಐದು ವರ್ಷಗಳವರೆಗೆ ಸೆರೆ, 5,000 ಡಾಲರುಗಳವರೆಗೆ ದಂಡ. ಆದರೆ ಅದರ ಹೊರೆಯೆಲ್ಲ ಬಿದ್ದದ್ದು ಹಾಂಗ್‌ಕಾಂಗಿನ ಅಮೆರಿಕನ್ ಕಾನ್ಸಲರ ಮುಂದೆ ನಿಂತು ತಾನು ಸಭ್ಯಳೆಂದು ರುಜುವಾತುಪಡಿಸಬೇಕಾದ ಹೆಣ್ಣಿನ ಮೇಲೆ. ನ್ಯಾಯಾಲಯದಲ್ಲಿ ನಡೆದ ತೋಳಿನ ಪರೀಕ್ಷೆ ಈಗ ಸಮುದ್ರದ ಆಚೆ ದಡದಲ್ಲೇ ನಡೆಯತೊಡಗಿತು. ಹೆಂಡತಿಯರೇ ಬರಲು ಅಂಜಿದರು. 1882ರ ಚೀನೀ ಬಹಿಷ್ಕಾರ ಕಾಯಿದೆಯೂ ಸೇರಿ, 1890ರ ಹೊತ್ತಿಗೆ ದೇಶದಲ್ಲಿ ಸುಮಾರು 27 ಮಂದಿ ಚೀನೀ ಪುರುಷರಿಗೆ ಒಬ್ಬ ಚೀನೀ ಸ್ತ್ರೀ ಇದ್ದಳು. ಸಂಸಾರವಿಲ್ಲದ ಗಂಡಸರ ಊರನ್ನು ಕಾಯಿದೆಯೇ ನಿರ್ಮಿಸಿತು. ಕದ್ದು ತರುವ ಹುಡುಗಿಯ ಬೆಲೆಯೂ ಏರಿತು.

ಈ ಹಿನ್ನೆಲೆಯಲ್ಲಿ ಪ್ರೆಸ್ಬಿಟೇರಿಯನ್ ಸ್ತ್ರೀಯರು 1874ರಲ್ಲಿ ಆರಂಭಿಸಿದ ಮಿಷನ್ ಹೋಮ್ ಅನ್ನು ನೋಡಬೇಕು. ಮಾರ್ಗರೆಟ್ ಕಲ್ಬರ್ಟ್‌ಸನ್ ಅದರ ಮೇಲ್ವಿಚಾರಕಿಯಾಗಿ ಪೊಲೀಸರ ನೆರವಿನಿಂದ ಗೃಹಗಳೊಳಗೆ ಹೊಕ್ಕು ಹುಡುಗಿಯರನ್ನು ಬಿಡಿಸಿತರುವ ಕ್ರಮವನ್ನು ರೂಢಿಗೆ ತಂದರು. 1895ರಲ್ಲಿ ಹೊಲಿಗೆ ಕಲಿಸಲೆಂದು ಬಂದ ಡೊನಾಲ್ಡಿನಾ ಕ್ಯಾಮರನ್, ನ್ಯೂಜಿಲೆಂಡಿನಲ್ಲಿ ಹುಟ್ಟಿದ ಸ್ಕಾಟಿಷ್ ಮನೆತನದ ತರುಣಿ, 1900ರಲ್ಲಿ ಆ ಹೊಣೆ ಹೊತ್ತು 1934ರವರೆಗೆ ನಡೆಸಿದರು. ಹುಡುಗಿಯ ‘ಒಡೆಯರು’ ಸುಮ್ಮನಿರುತ್ತಿರಲಿಲ್ಲ. ಅವಳು ಒಡವೆ ಕದ್ದಳೆಂದು ಫಿರ್ಯಾದು ಕೊಡುವುದು, ಇಲ್ಲವೆ ಅವಳನ್ನು ಅಕ್ರಮವಾಗಿ ಕೂಡಿಹಾಕಿದ್ದಾರೆಂದು ಹೇಬಿಯಸ್ ಕಾರ್ಪಸ್ ಅರ್ಜಿ ಹಾಕುವುದು ಅವರ ಉಪಾಯ. ಸ್ವಾತಂತ್ರ್ಯದ ಅತ್ಯುತ್ತಮ ಕಾನೂನು ಸಾಧನವೇ ಜೀತದ ಆಯುಧವಾಯಿತು. ಇದಕ್ಕೆ ಎದುರಾಗಿ ಮಿಷನ್ ಹೋಮಿನವರು ನ್ಯಾಯಾಲಯದಿಂದ ಬಾಲಕಿಯರ ಪಾಲನಾಧಿಕಾರದ ಪತ್ರಗಳನ್ನು ಪಡೆದುಕೊಳ್ಳತೊಡಗಿದರು. 1906ರ ಏಪ್ರಿಲ್ 18ರ ಭೂಕಂಪದ ನಂತರ ಬೆಂಕಿಯು ನಗರವನ್ನು ನುಂಗುತ್ತಿದ್ದಾಗ, ಮಕ್ಕಳನ್ನು ಸುರಕ್ಷಿತ ಸ್ಥಳಕ್ಕೆ ಸೇರಿಸಿದ ಕ್ಯಾಮರನ್ ಸೈನಿಕರ ಕಾವಲನ್ನು ದಾಟಿ ಮತ್ತೆ ಆ ಕಟ್ಟಡಕ್ಕೆ ಹೋದದ್ದು ಆ ಪತ್ರಗಳನ್ನು ತರುವುದಕ್ಕಾಗಿ. ಕಟ್ಟಡ ಉಳಿಯಲಿಲ್ಲ, ಕಾಗದಗಳು ಉಳಿದವು. ಹೆಬ್ಬೆಟ್ಟಿನ ಕಾಗದದಿಂದ ಕಟ್ಟಲ್ಪಟ್ಟವರನ್ನು ಬಿಡಿಸಲು ಇನ್ನೊಂದು ಕಾಗದ ಬೇಕೆಂಬುದನ್ನು ಈ ಹೊಲಿಗೆಯ ಉಪಾಧ್ಯಾಯಿನಿಯು ಅನೇಕ ದೇವಶಾಸ್ತ್ರಜ್ಞರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಆದರೆ ಆ ಮನೆಯ ಬಾಗಿಲಿಗೂ ಬೀಗವಿತ್ತು. ಹೊರಗಿನವರು ಒಳಗೆ ನುಗ್ಗದಿರಲೆಂದು ಹಾಕಿದ ಬೀಗ ಒಳಗಿನವರನ್ನೂ ತಡೆಯುತ್ತಿತ್ತು. ಪ್ರಾರ್ಥನೆ, ಅಡಿಗೆ, ಹೊಲಿಗೆ, ಸತ್ಯವೇದದ ಪಾಠ ಎಂದು ದಿನವೆಲ್ಲ ಗಂಟೆಯ ಪ್ರಕಾರ ನಡೆಯುತ್ತಿತ್ತು. ಕ್ರೈಸ್ತ ಗೃಹಿಣಿಯಾಗುವುದೇ ಬಿಡುಗಡೆಯ ಗುರಿಯೆಂದು ನಡೆಸುವವರು ಎಣಿಸಿದ್ದರು. ಅನೇಕರು ಚೀನೀ ಕ್ರೈಸ್ತರನ್ನು ಮದುವೆಯಾದರು ಮತ್ತು ಆ ಸಂಸಾರಗಳಿಂದ ಗಟ್ಟಿಯಾದ ಸಭೆಗಳು ಬೆಳೆದವು. ಬೇರೆ ಕೆಲವರಿಗೆ ಈ ಬಾಳು ಒಗ್ಗದೆ ಹೊರಟುಹೋದರು. ಈ ಮನೆಯ ಇತಿಹಾಸವನ್ನು ಬರೆದ ಪೆಗ್ಗಿ ಪ್ಯಾಸ್ಕೋ, ಒಳಬಂದ ಸ್ತ್ರೀಯರು ತಮ್ಮದೇ ಉದ್ದೇಶಗಳಿಗಾಗಿ, ಕ್ರೂರ ಗಂಡನಿಂದ ತಪ್ಪಿಸಿಕೊಳ್ಳಲು, ಒಳ್ಳೆಯ ವರನನ್ನು ಪಡೆಯಲು, ಮನೆಯನ್ನು ಬಳಸಿಕೊಂಡದ್ದನ್ನು ತೋರಿಸಿಕೊಟ್ಟಿದ್ದಾರೆ. ಇದನ್ನು ಕೃತಘ್ನತೆಯೆಂದು ಬಗೆಯಬೇಕಾಗಿಲ್ಲ. ರಾಹಾಬಳು ಗೂಢಚಾರರನ್ನು ಅಡಗಿಸಿದಾಗ ತನ್ನ ಮನೆಯವರ ಪ್ರಾಣದ ಚೌಕಾಸಿಯನ್ನೂ ಮಾಡಿಕೊಂಡಳು. ಇಬ್ರಿಯರಿಗೆ ಬರೆದ ಪತ್ರಿಕೆಯು ಅವಳನ್ನು ನಂಬಿಕೆಯ ಸಾಕ್ಷಿಗಳ ಪಟ್ಟಿಯಲ್ಲಿಯೇ ಸೇರಿಸಿದೆ.

ಬಿಡಿಸಿದವರ ಹೆಸರು ಕಟ್ಟಡದ ಮೇಲಿದೆ. 1942ರಿಂದ ಅದು ಕ್ಯಾಮರನ್ ಹೌಸ್. ಆದರೆ ಚೀನೀ ಭಾಷೆ ಬಲ್ಲ ದುಭಾಷಿಯಿಲ್ಲದೆ ಕ್ಯಾಮರನ್ ಒಂದು ಬಾಗಿಲನ್ನೂ ತೆರೆಸಲಾರದೆ ಇದ್ದರು. ಆ ದುಭಾಷಿಗಳಲ್ಲಿ ಮುಖ್ಯಳು ಟಿಯೆನ್ ಫೂ ವೂ. ಬಾಲ್ಯದಲ್ಲಿ ತಂದೆಯ ಜೂಜಿನ ಸಾಲಕ್ಕಾಗಿ ಮಾರಲ್ಪಟ್ಟು, ಮನೆಗೆಲಸದ ದಾಸಿಯಾಗಿ ಸ್ಯಾನ್ ಫ್ರಾನ್ಸಿಸ್ಕೊಗೆ ತರಲ್ಪಟ್ಟವಳು. ಒಡತಿಯ ಹಿಂಸೆಯಿಂದ ಮೈಮೇಲೆ ಗಾಯಗಳನ್ನು ಹೊತ್ತು 1894ರಲ್ಲಿ ಮಿಷನ್ ಹೋಮ್ ಸೇರಿದಳು. ಓದು ಮುಗಿಸಿ ಹಿಂದಿರುಗಿ, ಅದೇ ಮನೆಯಲ್ಲಿ ದಶಕಗಳ ಕಾಲ ದುಡಿದಳು. ರಾತ್ರಿಯ ದಾಳಿಗಳಲ್ಲಿ ಭಯದಿಂದ ನಡುಗುವ ಹುಡುಗಿಗೆ ಅವಳದೇ ಮಾತಿನಲ್ಲಿ ಧೈರ್ಯ ಹೇಳಿದವಳು ಅವಳೇ. 1968ರಲ್ಲಿ ಕ್ಯಾಮರನ್, ಅನಂತರ ವೂ ತೀರಿಕೊಂಡರು. ಕ್ಯಾಮರನ್ ಮನೆತನದ ಸಮಾಧಿಭೂಮಿಯಲ್ಲೇ ವೂಗೂ ಸ್ಥಳ ದೊರೆಯಿತು. ಮಿಷನ್ ಚರಿತ್ರೆಗಳಲ್ಲಿ ದೊರೆತ ಸ್ಥಳ ಇದಕ್ಕಿಂತ ಚಿಕ್ಕದು.

ಚೀನೀ ಹುಡುಗಿಯರ ಜೀತವನ್ನು ಸಭೆಯು ಹೀಗೆ ಕೊನೆಗೂ ಗುರುತಿಸಿತು, ಏಕೆಂದರೆ ಅಲ್ಲಿ ಕರಾರುಪತ್ರವಿತ್ತು, ಒಡೆಯನಿದ್ದನು. ಕಾಗದವೇ ಇಲ್ಲದ ಸಾಲವನ್ನು, ಅಂದರೆ ಬದುಕಲು ಸಾಲದ ಕೂಲಿಯನ್ನು, ಗುರುತಿಸುವುದು ಕಷ್ಟವಾಯಿತು. ಅದೇ ನಗರದಲ್ಲಿ ನಡೆದ ಇನ್ನೊಂದು ಘಟನೆ ಇದನ್ನು ತೋರಿಸುತ್ತದೆ. ಗಡಿನಾಡಿನ ಯುಗ ಮುಗಿದಿತ್ತು. ಅದರ ಕುಖ್ಯಾತ ಕೇರಿಯಾದ ಬಾರ್ಬರಿ ಕೋಸ್ಟ್ ಮಾತ್ರ ಉಳಿದಿತ್ತು. ವೇಶ್ಯಾಗೃಹಕ್ಕೆ ಎಡೆಕೊಟ್ಟ ಕಟ್ಟಡದ ಒಡೆಯರ ಮೇಲೆ ದಾವೆ ಹೂಡಬಹುದೆಂಬ ಶಾಸನವನ್ನು ಕ್ಯಾಲಿಫೋರ್ನಿಯ 1913ರಲ್ಲಿ ಮಾಡಿತ್ತು. ಅದನ್ನು ಜಾರಿಗೊಳಿಸಬೇಕೆಂದು ಸೆಂಟ್ರಲ್ ಮೆಥೊಡಿಸ್ಟ್ ಸಭೆಯ ಪಾಲಕ ಪೌಲ್ ಸ್ಮಿತ್ ಪ್ರಬಲ ಚಳವಳಿ ನಡೆಸಿದರು. 1917ರ ಜನವರಿ 25ರಂದು ಸುಮಾರು 300 ಮಂದಿ ವೇಶ್ಯಾಸ್ತ್ರೀಯರು ಅವರ ಸಭಾಮಂದಿರಕ್ಕೆ ನಡೆದು ಬಂದು ಆಸನಗಳಲ್ಲಿ ಕುಳಿತರು. ರೆಜಿ ಗ್ಯಾಂಬಲ್ ಎಂಬ ಗೃಹದ ಯಜಮಾನಿ ಅವರ ಪರವಾಗಿ ಮಾತಾಡಿದಳು. ತಮ್ಮ ಸಭೆಯ ಸುತ್ತಲಿನ ಬೀದಿಗಳು ಶುದ್ಧವಾಗಬೇಕೆಂದು ಪಾಲಕರು ಬಯಸುತ್ತಾರಲ್ಲ, ಈ ಹೆಂಗಸರು ಎಲ್ಲಿಗೆ ಹೋಗಬೇಕೆಂದು ಏರ್ಪಾಡು ಮಾಡಿದ್ದಾರೆಯೇ ಎಂಬುದು ಅವಳ ಪ್ರಶ್ನೆ. ಸ್ಮಿತ್ ಅವರನ್ನು ಎದುರುಗೊಂಡು ಗೌರವದಿಂದಲೇ ಕೇಳಿದರು. ನಿಮ್ಮಲ್ಲಿ ತಾಯಂದಿರು ಎಷ್ಟು ಮಂದಿಯೆಂದು ವಿಚಾರಿಸಿದಾಗ ಬಹುಪಾಲು ಕೈಗಳು ಮೇಲೆದ್ದವು. ಕನಿಷ್ಠ ಕೂಲಿಯ ಶಾಸನಕ್ಕಾಗಿ ತಾನು ದುಡಿಯುತ್ತೇನೆಂದೂ ವಾರಕ್ಕೆ ಹತ್ತು ಡಾಲರಿಗಿಂತ ಕಡಮೆಯಲ್ಲಿ ಎಷ್ಟೋ ಕುಟುಂಬಗಳು ಬಾಳುತ್ತಿವೆಯೆಂದೂ ಅವರು ಹೇಳಿದಾಗ ಆ ಸ್ತ್ರೀಯರು ನಕ್ಕರು. ಮನೆಗೆಲಸಕ್ಕೆ ಹೋಗಬಹುದಲ್ಲವೇ ಎಂದಾಗ, ನಮ್ಮನ್ನು ಯಾವ ಹೆಂಗಸು ತನ್ನ ಮನೆಯೊಳಗೆ ಸೇರಿಸಿಕೊಳ್ಳುವಳು ಎಂಬ ಪ್ರತಿಪ್ರಶ್ನೆ ಬಂದಿತು. ಸಭಾಮಂದಿರದಲ್ಲಿ ಅದಕ್ಕೆ ಉತ್ತರ ಹೇಳಿದವರಿಲ್ಲ.

ಮೂರು ವಾರಗಳ ಅನಂತರ, ಫೆಬ್ರವರಿ 14ರಂದು, ಪೊಲೀಸರು ಆ ಕೇರಿಯನ್ನು ಸುತ್ತುವರಿದು ಗೃಹಗಳನ್ನು ಮುಚ್ಚಿಸಿದರು. ಸಾವಿರಕ್ಕೂ ಹೆಚ್ಚು ಸ್ತ್ರೀಯರು ತಮ್ಮ ಸಾಮಾನುಗಳೊಂದಿಗೆ ಬೀದಿಗೆ ಬಂದರು.